ದಿನಕ್ಕೆ ಆರುನೂರು

ಉಪಾಯ ನನ್ನದೇ. ಬೇರೆಯವರ ತಲೆಗೆ ಕಟ್ಟುವುದಿಲ್ಲ.
ಫ್ರೀಡಂ ಪಾರ್ಕಿನಲ್ಲಿ ಮೂರು ದಿನ ಮನೆಯೂಟದ ಹಬ್ಬ,
ಸಾಂಬಾರಪುಡಿ ಕಂಪನಿಯ ದುಡ್ಡು.
‘ಜನ ತಿರುಗಿ ನೋಡಬೇಕು ಕಣ್ರೀ’ ಎಂದಿದ್ದರು.
ಗೋಪಿ ಸರ್ಕಲ್ಲಿನಲ್ಲಿ ಟೀ ಹಿಡಿದು ಯೋಚಿಸುತ್ತಿದ್ದಾಗ
ಯಾರೂ ತಿರುಗಿ ನೋಡದವರು
ಕಣ್ಣಿಗೆ ಬಿದ್ದರು.

ರಟ್ಟಿನ ಮನೆ, ಹೆಂಚಿನ ಬಣ್ಣದ ಮಾಡು,
ಎದೆಯ ಮೇಲೆ ಬಾಗಿಲು, ಬೆನ್ನಿಗೆ ಹಿತ್ತಿಲು,
ಕಿಟಕಿಯಲ್ಲಿ ಮುಖ.
ಬಾಗಿಲಿಗೆ ದಪ್ಪಕ್ಷರ: ನನಗೂ ಮನೆಯೂಟ ಇಷ್ಟ.

ಖಾಸಗಿ ಬಸ್ ನಿಲ್ದಾಣದಲ್ಲಿ ಹನ್ನೊಂದು ಜನ ಸಿಕ್ಕರು.
ಹಾಜರಿ ಪುಸ್ತಕದಲ್ಲಿ ಹೆಸರು, ವಯಸ್ಸು, ವಿಳಾಸ.
‘ವಿಳಾಸ?’
ಗುತ್ಯಪ್ಪ ಸಂಕೋಚವಿಲ್ಲದೆ ಹೇಳಿದ:
‘ಹೊಸನಗರದ ಬಸ್ಸು ನಿಲ್ಲೋ ಜಾಗ ಅಂತ ಬರ್ಕಳಿ.
ರಾತ್ರಿ ಹತ್ತರ ಮೇಲೆ. ಅಲ್ಲೀತಂಕ ಅದು ಬಸ್ಸಿಂದು.’

ಸೆಲ್ವಿ ರಟ್ಟನ್ನು ಬೆರಳಲ್ಲಿ ಹಿಸುಕಿ ನೋಡಿದಳು.
ಗಂಡ ಭದ್ರಾವತಿಯ ಕಾಗದದ ಕಾರ್ಖಾನೆಯಲ್ಲಿದ್ದವನು.
‘ಮೂರು ಪದರದ್ದು. ಮಧ್ಯಾಹ್ನಕ್ಕೇ ಮಾಡು ಕುಸಿಯತ್ತೆ.’
ಆಮೇಲೆ, ‘ಫೋಟೋಕ್ಕೆ ಬೇರೆ ಕೊಡ್ತೀರ?’
ನಾನು ನಕ್ಕೆ. ಅವಳು ನಗಲಿಲ್ಲ.
ಫೋಟೋಕ್ಕೆ ಇಪ್ಪತ್ತು ಎಂದಾಯಿತು, ಬಾಯಿಮಾತಿನಲ್ಲಿ.

ನೆಹರೂ ರಸ್ತೆಯಲ್ಲಿ ಹನ್ನೊಂದು ಮನೆ ನಡೆದವು.
ದುರ್ಗಿಗುಡಿಯ ಮಕ್ಕಳು ಗುತ್ಯಪ್ಪನ ಎದೆ ತಟ್ಟಿ
‘ಮನೇಲಿ ಯಾರಿದೀರಾ?’
‘ನಾನೇ ಇದೀನಿ. ನೀವ್ಯಾರ ಪೈಕಿ?’
ಅವನಿಗೆ ನಗು ತಡೆಯಲಾಗಲಿಲ್ಲ. ಸುಳ್ಳಲ್ಲ,
ವಿಡಿಯೋ ಇದೆ.

ಊಟದ ಹೊತ್ತಿಗೆ ಗೊತ್ತಾಯಿತು:
ಗೋಡೆ ದಾಟಿ ಕೈ ಬಾಯಿಗೆ ಎಟುಕುವುದಿಲ್ಲ.
ಅಳತೆ ಹಾಕಿದವನಿಗೆ ಅದು ಹೊಳೆದಿರಲಿಲ್ಲ.
ಮಳಿಗೆಗಳ ಹಿಂದೆ ಮನೆ ಕಳಚಿಟ್ಟು
ಸಾಲಾಗಿ ಕೂತು ಉಂಡರು, ಕಡುಬು, ಕಳಲೆ ಪಲ್ಯ.
ಪೀರ್‌ಸಾಬ್ ಎರಡು ಸಲ ಮಜ್ಜಿಗೆ ಕೇಳಿದ.

ಸಂಜೆ ಕಾಲೇಜಿನ ಮೇಡಂ ಒಬ್ಬರು ತಡೆದು ನಿಲ್ಲಿಸಿದರು.
‘ಮನುಷ್ಯರನ್ನ ಬೋರ್ಡು ಮಾಡಿದೀರಲ್ಲ, ನಾಚಿಕೆ ಆಗಲ್ವ?’
ಉತ್ತರ ನನ್ನ ಬಳಿ ಸಿದ್ಧವಿತ್ತು:
ಕರಡಿ ವೇಷ ಹಾಕುವ ಹುಡುಗರಿಗೂ ಇಷ್ಟೇ ಕೊಡುತ್ತೇನೆ.
ಹೇಳುತ್ತ ಹೇಳುತ್ತಲೇ ಕಂಡಿತು:
ಕರಡಿಯೊಳಗಿನ ಹುಡುಗನ ಮುಖ ಯಾರಿಗೂ ಕಾಣದು.
ಇವರಿಗೆ, ಮುಖ ಕಾಣಲೆಂದೇ
ಕಿಟಕಿ ಕೊರೆಸಿದ್ದೆ.

ರಾತ್ರಿಗೆ ಊರೆಲ್ಲ ಸುದ್ದಿ.
ಕಂಪನಿ ವಿಷಾದ ವ್ಯಕ್ತಪಡಿಸಿತು,
ಮನೆಗಳನ್ನು ಗೋದಾಮಿಗೆ ಹಾಕಿಸಿತು.
ನನ್ನ ಬಿಲ್ಲು ಪೂರ್ತಿ ಬಂತು, ಬಾಯಿ ಮುಚ್ಚಿಕೊಂಡಿರಲಿ ಅಂತ.

ಬೆಳಿಗ್ಗೆ ನಾನು ಹೋಗುವಷ್ಟರಲ್ಲಿ ಹನ್ನೊಂದೂ ಜನ
ತಲೆ ಬಾಚಿಕೊಂಡು ಕೂತಿದ್ದರು.
ಪೀರ್‌ಸಾಬ್ ನಿನ್ನೆಯ ದುಡ್ಡಲ್ಲಿ ಗಡ್ಡ ತೆಗೆಸಿದ್ದ.
‘ಇವತ್ತು ಕೆಲಸ ಇಲ್ಲ.’
‘ಯಾಕೆ?’
‘ನಿಮಗೆ ಅವಮಾನ ಆಗ್ತಿದೆಯಂತೆ.’
ಗುತ್ಯಪ್ಪ ಹಿಂದೆ ತಿರುಗಿ ನೋಡಿದ. ‘ಯಾರ್ಗೆ?’

ಸೆಲ್ವಿ ಬೆರಳು ಮಡಿಚುತ್ತಿದ್ದಳು.
‘ಅವಮಾನ ನಿನ್ನೇದು. ಅದರ ಕೂಲಿ ಕೊಟ್ಟಾಯ್ತು.
ಇವತ್ತು, ನಾಳೆ ಯಾರ ಲೆಕ್ಕಕ್ಕೆ?’
ಸ್ವಲ್ಪ ತಡೆದು, ‘ಫೋಟೋ ಹತ್ತೊಂಬತ್ತು.
ಆ ಮೇಡಂ ತೆಗೆದದ್ದೂ ಸೇರಿ.’
ನಾನೂರು ಕೊಟ್ಟೆ. ಸೆರಗಿನ ಗಂಟು ಬಿಚ್ಚಿ
ಇಪ್ಪತ್ತು ವಾಪಸು ಕೊಟ್ಟಳು.

ಎರಡು ದಿನ, ಹನ್ನೊಂದು ಜನ,
ಹದಿಮೂರು ಸಾವಿರದ ಇನ್ನೂರು.
ನನ್ನ ಖಾತೆಯಲ್ಲಿತ್ತು. ಈಗಲೂ ಇದೆ ಎನ್ನಲಾರೆ,
ಖರ್ಚಿಗೆ ದಾರಿ ಹೇಳಿಕೊಡಬೇಕೇ?

ಹಾಜರಿ ಪುಸ್ತಕ ಮಾತ್ರ ಎಸೆದಿಲ್ಲ.
ಆ ಬೆಳಿಗ್ಗೆ ನಾನು ಬರುವುದು ತಡವಾಗಿ
ನಮ್ಮ ಹುಡುಗ ಆಗಲೇ ಹಾಕಿಸಿಕೊಂಡುಬಿಟ್ಟಿದ್ದ:
ಎರಡನೇ ದಿನದ ಸಾಲಿನಲ್ಲಿ
ಹತ್ತು ಹೆಬ್ಬೆಟ್ಟು, ತಮಿಳಿನಲ್ಲಿ ಒಂದು ಸಹಿ.
ಎಲ್ಲರೂ ಹಾಜರು.